ಗಾಳಿ ತಗ್ಗುವ ತನಕ

ಸಕಲೇಶಪುರದ ಆಚೆ ಒಂದು ಕಾಫಿ ತೋಟ. ಆಷಾಢದ ರಾತ್ರಿ, ಏಳೂವರೆ ದಾಟಿದೆ. ಮಳೆ ಈಗಷ್ಟೇ ಬಿಟ್ಟಿದೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹಿಂದೆ ಕೆಸರು ದಾರಿಯಲ್ಲಿ ಹೆಜ್ಜೆ ಹಾಕುತ್ತಿದ್ದೀರಿ. ಕೊಳೆತ ಹಲಸಿನ ವಾಸನೆ ಗಪ್ಪೆಂದು ಮೂಗಿಗೆ ಅಡರುತ್ತದೆ. ರೈಟರ್ ನಿಂತುಬಿಡುತ್ತಾರೆ. ಟಾರ್ಚಿಗೆ ಹೋದ ನಿಮ್ಮ ಕೈಯನ್ನು ಹಿಡಿಯುತ್ತಾರೆ.

"ಲೈಟ್ ಬೇಡ ಸಾರ್. ಹಲಸಿಗೆ ಆನೆ ಬಂದಿರ್ಬೋದು. ಸ್ವಲ್ಪ ಕೇಳಿ."

ಏನಂತ ಕೇಳುವುದು? ಹೊಂಡದ ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿವೆ. ಅವುಗಳ ಲಯ ಗೊತ್ತಾದದ್ದೇ ತಡ, ಕಿವಿ ಅದನ್ನು ಪಕ್ಕಕ್ಕಿಡುತ್ತದೆ. ಜೀವ ಹಿಂಡುವುದು ಮರದ ಹನಿ. ಗಾಳಿ ಬೀಸಿದಾಗೆಲ್ಲ ಸಿಲ್ವರ್ ಮರಗಳು ಮೈ ಕೊಡವುತ್ತವೆ. ಕಾಫಿ ಎಲೆಯ ಮೇಲೆ ಪಟಪಟ, ತರಗೆಲೆಯ ಮೇಲೆ ತೊಪ್. ಎಲ್ಲಿ, ಯಾವಾಗ ಬೀಳುತ್ತದೋ ಹೇಳುವಂತಿಲ್ಲ. ಒಂದೊಂದು ತೊಪ್ಪೂ ಹೆಜ್ಜೆಯಂತೆಯೇ ಕೇಳಿಸುತ್ತದೆ.

ಉಸಿರು ಬಿಗಿಹಿಡಿಯುತ್ತೀರಿ. ಈಗ ಕಿವಿಯ ತುಂಬ ನಿಮ್ಮದೇ ಎದೆಬಡಿತ. ಆನೆಗಳು ಒಂದನ್ನೊಂದು ಕರೆಯುವ ದನಿ ಸೆಕೆಂಡಿಗೆ 20 ಕಂಪನಗಳಿಗಿಂತಲೂ ಕೆಳಗಿಳಿಯುತ್ತದೆ, ಮನುಷ್ಯರ ಕಿವಿಗೆ ನಿಲುಕದಷ್ಟು. ಇಪ್ಪತ್ತು ಮಾರು ದೂರದಲ್ಲೇ ಮಾತುಕತೆ ನಡೆದಿರಬಹುದು. ನಿಮ್ಮ ಪಾಲಿಗೆ ಸಿಗುವುದು ಒಂದು ಕೊಂಬೆ ಮುರಿದ ಸದ್ದು, ಸಿಕ್ಕರೆ.

ಗಾಳಿ ಜೋರಾಗುತ್ತದೆ. ಎಲ್ಲ ಮುಳುಗಿಹೋಗುತ್ತದೆ. ಓಡಬೇಕು. ಯಾವ ಕಡೆಗೆ?

"ಗಾಳಿ ತಗ್ಗಲಿ," ಪಿಸುದನಿ.

ಅವರ ಮಾತಿನಲ್ಲಿ ಎಷ್ಟೋ ಮಳೆಗಾಲಗಳ ತಿಳಿವಳಿಕೆಯಿದೆ. ಅದಕ್ಕೆ ಹತ್ತಿರದ್ದೊಂದನ್ನು 1984ರಲ್ಲಿ ಶ್ರವಣ ಸಂಶೋಧಕ ಜೋಸೆಫ್ ಹಾಲ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ತೋರಿಸಿದರು: ಗದ್ದಲದ ತಗ್ಗು ದನಿಗಳೂ ಕೀರಲು ದನಿಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಅದರೊಳಗೆ ಹುದುಗಿದ ಸಣ್ಣ ನಾದ ಕಿವಿಗೆ ಸುಲಭವಾಗಿ ದಕ್ಕುತ್ತದೆ. ಕಿವಿ ಗದ್ದಲ ಇಳಿಯುವ ಗಳಿಗೆಗಾಗಿ ಹೊಂಚು ಹಾಕುವ ಅಂಗವೆಂದು ನನಗನ್ನಿಸುವುದು ಇಂಥಲ್ಲೇ.

ಬಾಯಿ ಒಣಗಿದೆ. ಕಾಯುತ್ತೀರಿ. ಗಾಳಿ ಇಳಿಯುತ್ತಿದೆ. ಇನ್ನೂ. ಇನ್ನೂ.

ಚಟ್.

ಎಡಗಡೆ! ಬೈನೆ ಮರದ ಹತ್ತಿರ. ಎಡಗಿವಿಗೆ ಮೊದಲು, ಬಲಗಿವಿಗೆ ಆಮೇಲೆ. ನಡುವಿನ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲ. ದಿಕ್ಕು ತಿಳಿಯಲು ಅಷ್ಟು ಸಾಕು. ಹಿಂದೆಯೇ ಒದ್ದೆ ಗೋಣಿಚೀಲ ಕೊಡವಿದಂತೆ ಒಂದು ಸದ್ದು. ಆನೆ ಕಿವಿ ಬೀಸುತ್ತಿದೆ.

ರೈಟರ್ ನಿಮ್ಮ ತೋಳು ಹಿಡಿದು ಬಂದ ದಾರಿಗೇ ತಿರುಗಿಸುತ್ತಾರೆ. ಆದರೆ ಕಾಲು ಎತ್ತಗೊಡುವುದಿಲ್ಲ. ಈ ನಿಶ್ಶಬ್ದದಲ್ಲಿ ನಿಮ್ಮ ಬೂಟಿನ ಕೆಸರು ಪಚಕ್ಕೆಂದರೆ ಅದಕ್ಕೂ ಕೇಳಿಸುತ್ತದೆ.

ಸಿಲ್ವರ್ ಮರಗಳ ತುದಿಯಲ್ಲಿ ಮತ್ತೆ ಗಾಳಿ ಏಳುತ್ತದೆ.

"ಈಗ ನಡೀರಿ."