ಅಮೆರಿಕದ ಹಡಗಿಗೆ ನಮ್ಮ ಜಿಲ್ಲೆಯ ಹೆಸರು

ಶ್ರೀನಿವಾಸಪುರ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಮಾವಿನಹಣ್ಣು. ಬೆಂಗಳೂರಿನಲ್ಲಿ ಯಾರಾದರೂ ನಿಮ್ಮೂರು ಯಾವುದು ಅಂತ ಕೇಳಿದರೆ ನಾನೂ ಮಾವಿನ ಕಥೆಯನ್ನೇ ಹೇಳ್ತಿದ್ದೆ. ಈಗ ಅದರ ಜೊತೆಗೆ ಇನ್ನೊಂದು ಕಥೆ ಸೇರಿಕೊಂಡಿದೆ. ಅದು ಬಂದದ್ದು ಅಮೆರಿಕದಿಂದ!

ನಮ್ಮ ಪ್ರಾಜೆಕ್ಟಿನಲ್ಲಿ ಫಿಲಡೆಲ್ಫಿಯಾದ ಹಿರಿಯರೊಬ್ಬರಿದ್ದಾರೆ. ವಂಶಾವಳಿ ಹುಡುಕೋದು ಅವರ ಹವ್ಯಾಸ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ ಹುಟ್ಟಿದ ತಮ್ಮ ಪೂರ್ವಜರೊಬ್ಬರನ್ನು ಚರ್ಚಿನ ದಾಖಲೆ, ಹಳೆಯ ಉಯಿಲುಗಳಲ್ಲಿ ಪತ್ತೆ ಮಾಡಿದ್ದಾರೆ. ಆತ ‘ಹೈದರ್ ಅಲಿ’ ಎಂಬ ಯುದ್ಧನೌಕೆಯಲ್ಲಿದ್ದ ಅನ್ನೋದು ಅವರ ಮನೆಯಲ್ಲಿ ಹೇಳಿಕೊಂಡು ಬಂದ ಮಾತು. “ಈ ಹೆಸರು ನಿಮ್ಮ ಕಡೆಯದಲ್ವಾ?” ಅಂತ ಒಂದು ದಿನ ಕೇಳಿದರು.

ಹೌದು, ನಮ್ಮ ಕೋಲಾರ ಜಿಲ್ಲೆಯದೇ. ಹೈದರ್ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಇಲ್ಲಿ ಅವನು ಬ್ರಿಟಿಷರ ಮೇಲೆ ಯುದ್ಧ ಮಾಡ್ತಿದ್ದಾಗ ಅಲ್ಲಿ ಅಮೆರಿಕನ್ನರೂ ಅವರ ಮೇಲೆಯೇ ಯುದ್ಧಕ್ಕೆ ನಿಂತಿದ್ದರು. ಶತ್ರುವಿನ ಶತ್ರು ಮಿತ್ರ ತಾನೇ? ಪೆನ್ಸಿಲ್ವೇನಿಯಾದವರ ಹಡಗಿಗೆ ಅವನ ಹೆಸರು ಬಿತ್ತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ 22 ವರ್ಷದ ಕ್ಯಾಪ್ಟನ್ ಜೋಶುವಾ ಬಾರ್ನಿ ಈ ಹಡಗಿನಿಂದಲೇ, ಇದಕ್ಕಿಂತ ಬಲವಾದ ಫಿರಂಗಿಗಳಿದ್ದ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿದ. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಬಳಿ ತೀರಿಕೊಂಡ.

ಅವರಿಗೆ ಫೋಟೊ ಕಳಿಸೋಣ ಅಂತ, ಊರಿಗೆ ಹೋದಾಗ ಬೈಕಿನಲ್ಲಿ ಕೋಲಾರದ ಮಕ್ಬರಾಕ್ಕೆ ಹೋಗಿಬಂದೆ. ನಮ್ಮೂರಿಂದ ಸುಮಾರು 25 ಕಿ.ಮೀ. ಶಿರಾದ ನವಾಬರ ಸೇವೆಯಲ್ಲಿದ್ದ ಹೈದರನ ತಂದೆ ಫತೇ ಮಹಮ್ಮದ್ ಸಮಾಧಿ ಇರೋದು ಅಲ್ಲೇ. ಹೈದರನ ದೇಹವನ್ನೂ ಮೊದಲು ಇಲ್ಲಿಗೇ ತಂದಿದ್ದರು. ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಆಮೇಲೆ. ಕೋಲಾರಮ್ಮ, ಸೋಮೇಶ್ವರ ದೇವಸ್ಥಾನ ನೋಡಲು ಬರುವವರು ಇಲ್ಲಿಗೂ ಒಮ್ಮೆ ಬರಬಹುದು.

ಫೋಟೊ ನೋಡಿದ ಅಮೆರಿಕದ ಹಿರಿಯರು ಖುಷಿಪಟ್ಟು, “ಆಗ ನಿಮ್ಮ ಮನೆಯವರು ಎಲ್ಲಿದ್ದರು?” ಅಂತ ಕೇಳಿದರು.

ನಮ್ಮ ಮನೆಯ ಹಳೆಯ ಪಹಣಿಗಳನ್ನು ತೆಗೆದೆ. ಮುತ್ತಾತನ ಹೆಸರಿಗೆ ದಾರಿ ನಿಂತುಹೋಯ್ತು. ಒಬ್ಬ ಹೆಂಗಸಿನ ಹೆಸರೂ ಇಲ್ಲ. 86 ವರ್ಷದ ಅಜ್ಜಿಯ ಹತ್ತಿರ ಕೂತು ಕೇಳಿದೆ. “ಆ ಹೆಂಗಸ್ರ ಹೆಸ್ರು ಕಟ್ಕೊಂಡು ಏನ್ ಮಾಡ್ತೀಯಪ್ಪಾ?” ಅಂತ ನಕ್ಕರು. ಆಮೇಲೆ ಅವರಮ್ಮ, ಅಮ್ಮನ ಅಮ್ಮ, ಅವರ ಅಮ್ಮ, ಯಾರು ಯಾವ ಊರಿನವರು, ಮಳೆಯಿಲ್ಲದ ವರ್ಷ ಎರಡು ಎತ್ತು ಹೊಡ್ಕೊಂಡು ಮುಳಬಾಗಿಲು ಕಡೆಯಿಂದ ಇಲ್ಲಿಗೆ ಬಂದವರು ಯಾರು, ಎಲ್ಲಾ ಹೇಳಿದರು. ಕೊನೆಗೆ, “ಇಷ್ಟು ವರ್ಷ ಯಾರೂ ಕೇಳ್ಲಿಲ್ವಲ್ಲೋ” ಅಂದರು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು 40 ನಿಮಿಷ. 1782ರವರೆಗೆ ಹೋಗೋಕಾಗಲಿಲ್ಲ, ಆದರೆ ಪಹಣಿಗಿಂತ ಎರಡು ತಲೆಮಾರು ಹಿಂದಕ್ಕೆ ಹೋದೆವು. ನಮ್ಮ ಮನೆಗೆ ಚರ್ಚಿನ ದಾಖಲೆಯೂ ಇಲ್ಲ, ಮಕ್ಬರಾನೂ ಇಲ್ಲ. ಇರೋದು ಅಜ್ಜಿ ಒಬ್ಬರೇ. ನಿಮ್ಮ ಮನೆಯಲ್ಲೂ ಇದ್ದರೆ, ಮುಂದಿನ ಹಬ್ಬದವರೆಗೆ ಕಾಯದೆ ಈ ಭಾನುವಾರವೇ ಕೇಳಿಬಿಡಿ.