ಅಳಿಸಿಹೋಗುವ ಗೆರೆಗಳನ್ನು ಕಾಯ್ದ ಅಧ್ಯಾಪಕರು



ಮೂರು ದಶಕಗಳಿಗೂ ಮಿಕ್ಕಿ ಸೀಮೆಸುಣ್ಣ ಹಿಡಿದವನಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿರುತ್ತದೆ. ಕರಿಹಲಗೆಯ ಮೇಲೆ ಎಷ್ಟೇ ಅಂದವಾಗಿ ಬರೆದರೂ, ಮುಂದಿನ ಅವಧಿಗೆ ಬರುವ ಅಧ್ಯಾಪಕರು ಅದನ್ನು ಒರೆಸಿಯೇ ತಮ್ಮ ಪಾಠವನ್ನು ಆರಂಭಿಸುತ್ತಾರೆ. ಅಂಗಳದ ರಂಗವಲ್ಲಿಯ ಪಾಡೂ ಅದೇ. ಬೆಳಗಿನಲ್ಲಿ ಮೂಡಿ, ನಡೆದಾಡುವವರ ಕಾಲಿಗೆ ಸವೆದು, ಮರುದಿನದ ಸಾರಣೆಯಲ್ಲಿ ಮರೆಯಾಗುತ್ತದೆ. ಇಂತಹ ಅಳಿಸಿಹೋಗುವ ಗೆರೆಗಳ ಹಿಂದೆ ದಶಕಗಳ ಕಾಲ ಕ್ಯಾಮೆರಾ ಹಿಡಿದು ಅಲೆದ ಅಧ್ಯಾಪಕರೊಬ್ಬರ ವಿಷಯವನ್ನು ಈ ಸಲ ನಿಮ್ಮ ಮುಂದಿಡಬೇಕೆನಿಸಿದೆ. ಅವರು ಗುಜರಾತಿನ ಜ್ಯೋತಿ ಭಟ್ಟರು. ಹೆಸರು ಕೇಳಿ ಮಹಿಳೆಯೆಂದು ಭಾವಿಸಬೇಡಿ. ಅವರ ಪೂರ್ಣ ಹೆಸರು ಜ್ಯೋತೀಂದ್ರ ಮನ್‌ಶಂಕರ್ ಭಟ್ಟ.

ಭಟ್ಟರ ಛಾಯಾಚಿತ್ರಗಳನ್ನು ನಾನು ಮೊದಲು ಕಂಡದ್ದು 2023ರಲ್ಲಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ ಎಂಬ ಹೊಸ ಸಂಗ್ರಹಾಲಯವು ಆ ವರ್ಷದ ಫೆಬ್ರವರಿಯಲ್ಲಿ ತೆರೆದಾಗ, ಆರಂಭದ ಪ್ರದರ್ಶನಗಳಲ್ಲಿ ಅವರದೂ ಒಂದಾಗಿತ್ತು. ಬಹುಪಾಲು ಕಪ್ಪು-ಬಿಳುಪಿನ ಚಿತ್ರಗಳು. ಮಣ್ಣಿನ ಗೋಡೆಗಳು, ಹಚ್ಚೆ ಹಾಕಿಸಿಕೊಂಡ ತೋಳುಗಳು, ಸಾರಿಸಿದ ನೆಲದ ಮೇಲೆ ಬಿಳಿಯ ಗೆರೆಗಳು. ನೋಡುತ್ತ ನಿಂತವನಿಗೆ ಒಂದು ಸಂಗತಿ ಎದ್ದು ಕಂಡಿತು. ಚಿತ್ತಾರದ ಪಕ್ಕದಲ್ಲಿ ಅದನ್ನು ಬರೆದವರೋ, ಆ ಮನೆಯಲ್ಲಿ ಬಾಳುವವರೋ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದರು. ಅವರನ್ನು ಬದಿಗೆ ಸರಿಸಿ ಚಿತ್ತಾರವನ್ನಷ್ಟೇ ತೆಗೆದುಕೊಳ್ಳುವ ಆತುರ ಆ ಕಣ್ಣಿಗಿರಲಿಲ್ಲ.

ಭಟ್ಟರು ಜನಿಸಿದ್ದು 1934ರಲ್ಲಿ, ಭಾವನಗರದಲ್ಲಿ. ತಂದೆಯವರು ಆ ಊರಿನಲ್ಲಿ ಮಕ್ಕಳಿಗಾಗಿ ‘ಶಿಶುವಿಹಾರ’ ಎಂಬ ಸಂಸ್ಥೆಯನ್ನು ಕಟ್ಟಿದವರು. ಆದುದರಿಂದ ಕಲಿಸುವುದೆಂಬುದು ಆ ಮನೆಯ ಗಾಳಿಯಲ್ಲೇ ಇತ್ತೆನ್ನಬೇಕು. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ಆರಂಭವಾದಾಗ, ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಎನ್. ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ. ಜಿ. ಸುಬ್ರಮಣ್ಯನ್ ಅವರಂತಹ ಗುರುಗಳು ದೊರೆತರು. 1959ರಲ್ಲಿ ಅಲ್ಲಿಯೇ ಅಧ್ಯಾಪಕರಾದ ಭಟ್ಟರು 1992ರವರೆಗೆ ಕಲಿಸಿದರು. ನಡುವೆ 1960ರ ದಶಕದಲ್ಲಿ ಇಟಲಿಯ ನೇಪಲ್ಸ್‌ನಲ್ಲಿಯೂ, ಅನಂತರ ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿಯೂ ಅಭ್ಯಾಸ ಮಾಡಿ, ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ಮುದ್ರಣಕಲೆಯಲ್ಲಿ ಪಳಗಿ ಮರಳಿದರು.

ಹೀಗೆ ಚಿತ್ರಕಾರರೂ ಮುದ್ರಣಕಲಾವಿದರೂ ಆಗಿದ್ದವರು ಕ್ಯಾಮೆರಾದ ಕಡೆ ಆಳವಾಗಿ ತಿರುಗಿದ್ದು ಒಂದು ಕೆಲಸದ ನಿಮಿತ್ತ. 1967ರಲ್ಲಿ ಗುಜರಾತಿನ ಜಾನಪದ ಕಲೆಗಳನ್ನು ಕುರಿತ ವಿಚಾರಸಂಕಿರಣವೊಂದಕ್ಕೆ ಛಾಯಾಚಿತ್ರಗಳು ಬೇಕಾಗಿದ್ದವು. ಅದಕ್ಕೆಂದು ಹಳ್ಳಿಗಳಿಗೆ ಹೊರಟವರಿಗೆ, ತಾವು ನೋಡುತ್ತಿರುವುದು ಬಹುಕಾಲ ಉಳಿಯುವುದಿಲ್ಲವೆಂದು ಮನವರಿಕೆಯಾಯಿತು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದರೆ ಚಿತ್ತಾರಕ್ಕೆ ನೆಲೆಯೇ ಇಲ್ಲ. ಅಂದಿನಿಂದ ಆ ಕೆಲಸ ವ್ರತದಂತಾಯಿತು. ಶಿಲ್ಪಿ ರಾಘವ ಕನೇರಿಯಾ ಅವರಂತಹ ಸಂಗಾತಿಗಳೊಡನೆ ಸೌರಾಷ್ಟ್ರ, ಕಛ್, ರಾಜಸ್ಥಾನಗಳ ಹಳ್ಳಿಗಳನ್ನು ಸುತ್ತಿದರು. ಮುಂದೆ ಬಿಹಾರ, ಬಂಗಾಳಗಳವರೆಗೂ ನಡೆದರು. ನಾವು ರಂಗವಲ್ಲಿ ಎನ್ನುವುದನ್ನು ಗುಜರಾತಿನಲ್ಲಿ ಸಾಥಿಯಾ, ರಾಜಸ್ಥಾನದಲ್ಲಿ ಮಾಂಡಣಾ, ಮಿಥಿಲೆಯಲ್ಲಿ ಅರಿಪನ, ಬಂಗಾಳದಲ್ಲಿ ಆಲ್ಪೊನಾ ಎಂದು ಕರೆಯುತ್ತಾರೆ. ಹೆಸರು ಹಲವು, ಕೈ ಮಾತ್ರ ಎಲ್ಲೆಡೆಯೂ ಮನೆಯ ಹೆಣ್ಣುಮಕ್ಕಳದು. ಆ ಗಿಳಿ, ನವಿಲು, ಕಲ್ಪವೃಕ್ಷಗಳು ಭಟ್ಟರ ಮುದ್ರಣಚಿತ್ರಗಳೊಳಗೂ ಬಂದು ನೆಲೆಸಿದವು. ಕಲಿಸುವವನು ಮೊದಲು ಕಲಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಅವರ ಕಳವಳ ನಿಜವೇ ಆಗಿತ್ತು. 2001ರ ಜನವರಿ 26ರಂದು ಕಛ್ ಪ್ರದೇಶವನ್ನು ನಡುಗಿಸಿದ ಭೂಕಂಪದಲ್ಲಿ ಎಷ್ಟೋ ಊರುಗಳು ನೆಲಸಮವಾದವು. ಭಟ್ಟರು ತಿರುಗಾಡಿದ ಸೀಮೆ ಅದು. ಅಲ್ಲಿ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಉಬ್ಬುಚಿತ್ತಾರ ಮೆತ್ತಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂರಿಸುವ ರೂಢಿಯಿದೆ. ಬಿದ್ದ ಮನೆಯನ್ನು ಮತ್ತೆ ಕಟ್ಟಬಹುದು; ಆ ಗೋಡೆಯನ್ನು ಮತ್ತೆ ಪಡೆಯುವುದು ಸಾಧ್ಯವೇ?

ಹಳ್ಳಿಗಳನ್ನು ನೋಡಿದ ಕಣ್ಣಿನಿಂದಲೇ ಅವರು ತಮ್ಮ ಶಾಲೆಯನ್ನೂ ನೋಡಿದರು. ಬರೋಡದ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಅಲ್ಲಿನ ಕಲಾಮೇಳಗಳು, ಎಲ್ಲವೂ ಅವರ ಕ್ಯಾಮೆರಾದಲ್ಲಿ ಸೇರಿದವು. ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಸಂಸ್ಥೆಯು ಆ ಸಂಗ್ರಹವನ್ನು ಗಣಕೀಕರಿಸಿದೆ. 2019ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅಧ್ಯಾಪಕನೊಬ್ಬ ತನ್ನ ತರಗತಿಯನ್ನು ಪ್ರೀತಿಯಿಂದ ದಾಖಲಿಸಿದರೆ ಅದು ಒಂದು ನಾಡಿನ ಕಲೆಯ ಚರಿತ್ರೆಯೇ ಆಗಬಲ್ಲದೆಂಬುದು ನನ್ನಂಥವನಿಗೆ ಸಣ್ಣ ಸಮಾಧಾನವಲ್ಲ.

ಇಲ್ಲೊಂದು ಪ್ರಶ್ನೆ ನನ್ನನ್ನು ಕಾಡಿದ್ದುಂಟು. ಅಳಿಸುವುದಕ್ಕೆಂದೇ ಬರೆದದ್ದನ್ನು ಉಳಿಸುವುದು ಸರಿಯೇ? ನಾಳೆ ಮತ್ತೆ ಬರೆಯಬೇಕಾಗಿರುವುದರಿಂದಲೇ ತಾಯಿ ಬರೆಯುವುದನ್ನು ಮಗಳು ದಿನವೂ ನೋಡುತ್ತಾಳೆ, ನೋಡಿ ಕಲಿಯುತ್ತಾಳೆ. ಕಾಗದದ ಮೇಲೆ ಸ್ಥಿರವಾದ ರಂಗವಲ್ಲಿ ಯಾರ ಕೈಯನ್ನೂ ಪಳಗಿಸದು. ಆದರೆ ನೋಡಿ ಕಲಿಯುವ ಮಗಳು ಊರು ಬಿಟ್ಟು ಹೋದ ಮೇಲೆ, ಬರೆಯುವ ಕೈಯೂ ನಡುಗತೊಡಗಿದ ಮೇಲೆ, ಆ ಚಿತ್ರವಾದರೂ ಇದ್ದರೆ ಹೀಗೊಂದಿತ್ತೆಂದು ತೋರಿಸಬಹುದು. ಭಟ್ಟರು ಗೆರೆಯ ಜೊತೆಗೆ ಆ ಕೈಯನ್ನೂ, ಆ ಮನೆಯನ್ನೂ ಸೇರಿಸಿ ಹಿಡಿದದ್ದರ ಮಹತ್ವ ನನಗೆ ತಿಳಿದದ್ದು ಹೀಗೆ. ಅವು ಬರಿಯ ವಿನ್ಯಾಸಗಳ ಪಟ್ಟಿಯಾಗದೆ ಪಾಠಗಳಾದವು.

ಈ ಮಾತು ನಮ್ಮ ಮಲೆನಾಡಿಗೂ ಸಲ್ಲುತ್ತದೆ. ಸಾಗರದ ಸುತ್ತಿನ ದೀವರ ಮನೆಗಳ ಹಸೆಚಿತ್ತಾರವನ್ನು ನಿಮ್ಮಲ್ಲಿ ಹಲವರು ಹುಟ್ಟಿದಂದಿನಿಂದ ಕಂಡವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಅಳತೆಗೋಲಿಲ್ಲದೆ ಎಳೆದ ನೇರ ಗೆರೆಗಳು! ಭೂಮಿಹುಣ್ಣಿಮೆಯ ಬುಟ್ಟಿಯ ಮೇಲಿನ ಚಿತ್ತಾರವೂ ಅಂಥದೇ. ನಾನು ಅಲ್ಲಿ ಕೆಲಸದಲ್ಲಿದ್ದಾಗ, ರೇಖಾಗಣಿತದ ಪುಸ್ತಕ ನೋಡಿ ಬೆವರುತ್ತಿದ್ದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಪಕ್ಕದಲ್ಲಿ ಕುಳಿತು ಸಮಾಂತರ ರೇಖೆಗಳನ್ನು ನಿರಾಯಾಸವಾಗಿ ಎಳೆಯುತ್ತಿದ್ದುದನ್ನು ಕಂಡಿದ್ದೇನೆ. ಆ ಅಜ್ಜಿಗಿಂತ ಒಳ್ಳೆಯ ಗಣಿತದ ಅಧ್ಯಾಪಕರು ನಮ್ಮ ಶಾಲೆಯಲ್ಲಿರಲಿಲ್ಲ.

ನಮ್ಮ ತಾಯಿಯವರದು ನಮ್ಮಲ್ಲಿರುವುದು ಒಂದೇ ಒಂದು ಭಾವಚಿತ್ರ. ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಮಡಿಲಲ್ಲಿ ಕೈಗಳನ್ನು ಜೋಡಿಸಿಟ್ಟು, ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಆ ಕಾಲದಲ್ಲಿ ಫೋಟೊ ಎಂದರೆ ಅಷ್ಟೇ. ಎಲ್ಲರೂ ಏಳುವ ಮುನ್ನ ಬಾಗಿಲಿಗೆ ನೀರು ಹಾಕಿ, ಚುಕ್ಕಿಯಿಟ್ಟು, ಬೆರಳಸಂದಿಯಿಂದ ಹಿಟ್ಟಿನ ಎಳೆ ಇಳಿಸುತ್ತಿದ್ದ ಆ ಕೈಗಳು ನನ್ನ ನೆನಪಿನಲ್ಲಿ ಮಾತ್ರ ಇವೆ. ನನ್ನ ಮೊಮ್ಮಕ್ಕಳಿಗೆ ಅವನ್ನು ಹೇಗೆ ತೋರಿಸಲಿ?

ಆದುದರಿಂದ, ಮಕ್ಕಳೇ, ನಿಮ್ಮ ಹಳೆಯ ಮೇಷ್ಟರದು ಒಂದು ಕೋರಿಕೆ. ನಿಮ್ಮೆಲ್ಲರ ಜೇಬಿನಲ್ಲಿಯೂ ಇಂದು ಕ್ಯಾಮೆರಾ ಇದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಎಲ್ಲರೂ ಸಾಲಾಗಿ ನಿಂತು ನಗುವ ಚಿತ್ರವನ್ನು ತೆಗೆಯುವ ಮುನ್ನ, ಅಮ್ಮನೋ ಅಜ್ಜಿಯೋ ಕೆಲಸದಲ್ಲಿ ಮುಳುಗಿರುವಾಗ ಅವರ ಅನುಮತಿ ಪಡೆದು ಆ ಕೈಗಳ ಒಂದು ಚಿತ್ರ ತೆಗೆಯಿರಿ. ಹೆಸರು, ಊರು, ದಿನಾಂಕ ಬರೆದಿಡಿ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ಒಂದೆರಡು ಗೆರೆಗಳನ್ನು ನೀವೂ ಎಳೆಯಿರಿ.

ಎಲ್ಲರಿಗೂ ಒಳಿತಾಗಲಿ.