ಲಬಾಡಿಯ ದೋಣಿಗಳು

2016ರ ಜನವರಿಯಲ್ಲಿ ಅಕ್ಕನ ಮಗ ರಜೆಯ ಮೇಲೆ ಮುಂಬಯಿಗೆ ಬಂದು ಆಂಟಾಪ್ ಹಿಲ್‌ನ ನಮ್ಮ ಸರಕಾರಿ ವಸತಿಯಲ್ಲಿ ಉಳಿದಿದ್ದ. ಧಾರವಾಡದ ಹುಡುಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಅಮೆರಿಕದ ದಕ್ಷಿಣಕ್ಕಿರುವ ಕೆರಿಬಿಯನ್ ಸಮುದ್ರದಲ್ಲಿ ಓಡಾಡುವ ವಿಹಾರ ನೌಕೆಯೊಂದರಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದ್ದ. ಒಂದು ಸಂಜೆ ಮೊಬೈಲಿನಲ್ಲಿ ಏನೋ ಓದುತ್ತಿದ್ದವನು ತಲೆಯೆತ್ತಿ, "ಹೈಟಿಯೊಳಗ ಹಡಗ ಅಡ್ಡಗಟ್ಯಾರಂತ ಮಾಮಾ. ಸಣ್ಣ ಸಣ್ಣ ದೋಣಿ ತಂದು ನಿಲ್ಲಿಸ್ಯಾರ. ಪಾಪ, ನಮ್ಮ ಹುಡುಗರಿಗೆ ಸೀ ಡೇ ಆತು," ಎಂದ.

ಅಡ್ಡಗಟ್ಟಿದ್ದು ಅವನ ಹಡಗನ್ನಲ್ಲ, ಬೇರೆ ಕಂಪನಿಯದನ್ನು. ಆದರೆ 'ನಮ್ಮ ಹುಡುಗರು' ಎಲ್ಲ ಹಡಗುಗಳಲ್ಲೂ ಇದ್ದಾರೆ. ಗೋವೆಯವರು, ಮಂಗಳೂರಿನವರು, ಮುಂಬಯಿಯವರು, ಫಿಲಿಪೈನ್ಸಿನವರು. ಸೀ ಡೇ ಎಂದರೇನೆಂದು ಅವನೇ ವಿವರಿಸಿದ. ಹಡಗು ಬಂದರು ಮುಟ್ಟಿದ ದಿನ ಪ್ರಯಾಣಿಕರು ಇಳಿದು ಹೋಗುತ್ತಾರೆ. ಕೆಲಸಗಾರರಿಗೆ ಸರದಿಯ ಮೇಲೆ ಎರಡು ಮೂರು ತಾಸು ಬಿಡುವು ದೊರೆಯುತ್ತದೆ. ಆಗ ಅವರು ದಡಕ್ಕೆ ಓಡಿ, ಅಗ್ಗದ ವೈಫೈ ಇರುವ ಅಂಗಡಿ ಹುಡುಕಿ ಮನೆಗೆ ಮಾತನಾಡುತ್ತಾರೆ. ಬಂದರು ತಪ್ಪಿದರೆ ಆ ಸಾವಿರಾರು ಜನ ದಿನವಿಡೀ ಹಡಗಿನಲ್ಲೇ ಉಣ್ಣುತ್ತ, ಕುಡಿಯುತ್ತ, ಗೊಣಗುತ್ತ ಇರುತ್ತಾರೆ. ಬಡಿಸುವವನ ಬಿಡುವು ಹೋಯಿತು, ಮನೆಯ ಮಾತೂ ಹೋಯಿತು.

ಹೀಗೆ ಹೈಟಿಯ ಆ ಪ್ರತಿಭಟನೆ ಮೊದಲು ನಮ್ಮ ಮನೆ ಹೊಕ್ಕಿದ್ದು ಹಡಗಿನ ಕಡೆಯಿಂದ. ದೋಣಿಯ ಕಡೆಗೆ ಬರಲು ನಮಗೆ ಸಾಕಷ್ಟು ತಡವಾಯಿತು. (ಈ 'ನಾವು' ಎಂಬುದು ಓದುಗರಿಗೆ ಕಿರಿಕಿರಿಯಾದರೆ ಕ್ಷಮೆಯಿರಲಿ. ಇಪ್ಪತ್ತು ವರ್ಷ ಕಚೇರಿಯ ಟಿಪ್ಪಣಿ ಬರೆದವರ ಕೈಗೆ 'ನಾನು' ಎಂಬುದು ಸುಲಭಕ್ಕೆ ಬರುವುದಿಲ್ಲ.)

ನಡೆದದ್ದು ಇಷ್ಟು. ಜನವರಿ 19ರಂದು, ಮೂರೂವರೆ ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು ಹಿಡಿಸುವ 'ಫ್ರೀಡಂ ಆಫ್ ದಿ ಸೀಸ್' ಎಂಬ ನೌಕೆ ಹೈಟಿಯ ಉತ್ತರ ತೀರದ ಲಬಾಡಿಗೆ ಬಂತು. ಚಿಕ್ಕ ದೋಣಿಗಳಲ್ಲಿ ಬಂದ ಪ್ರತಿಭಟನಕಾರರು ದಾರಿಗೆ ಅಡ್ಡವಾದರು. ಪ್ರಯಾಣಿಕರನ್ನು ಇಳಿಸದೆ ಹಡಗು ಹೊರಟುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಪತ್ರಿಕೆಗಳಲ್ಲಿ ನಾಲ್ಕಾರು ಸಾಲು ಬಂದು ಮುಗಿಯಿತು.

ಲಬಾಡಿಯ ಬಗ್ಗೆ ಆಮೇಲೆ ಓದತೊಡಗಿದೆವು. ಇದು ಕ್ಯಾಪ್ ಹೈಟಿಯನ್ ಪಟ್ಟಣದ ಸಮೀಪ, ಹಸಿರು ಗುಡ್ಡಗಳು ಸಮುದ್ರಕ್ಕೆ ಚಾಚಿಕೊಂಡ ಒಂದು ನೆಲದ ತುದಿ. 1986ರಿಂದ ರಾಯಲ್ ಕೆರಿಬಿಯನ್ ಕಂಪನಿ ಇದನ್ನು ಗುತ್ತಿಗೆಗೆ ಹಿಡಿದಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿನ ಸರ್ವಾಧಿಕಾರಿ ಜಾನ್ ಕ್ಲೋದ್ ದ್ಯುವಾಲಿಯೇ ದೇಶ ಬಿಟ್ಟು ಓಡಿದ್ದ. ಪಕ್ಕದ ಹಳ್ಳಿಯ ಹೆಸರೇ ಜಾಗಕ್ಕೂ ಬಂದದ್ದು. ಅದರ ಫ್ರೆಂಚ್ ಕಾಗುಣಿತವನ್ನು ಮಾತ್ರ ಇಂಗ್ಲಿಷ್ ಓದುವವರ ನಾಲಗೆ ತೊಡರದಂತೆ ಕಂಪನಿ ತಿದ್ದಿಕೊಂಡಿತು. ದ್ವೀಪವಲ್ಲದಿದ್ದರೂ 'ಖಾಸಗಿ ದ್ವೀಪ' ಎಂದು ಕರೆದದ್ದುಂಟು. ಮೊದಮೊದಲ ಜಾಹೀರಾತುಗಳಲ್ಲಿ ಹೈಟಿಯ ಹೆಸರನ್ನು ಮರೆಮಾಡಿ, ಇಡೀ ದ್ವೀಪದ ಹಳೆಯ ಹೆಸರಾದ 'ಹಿಸ್ಪಾನಿಯೋಲಾ' ಎಂದಷ್ಟೇ ಬರೆಯುತ್ತಿದ್ದರು. ಬಡತನ, ದಂಗೆ, ರೋಗ ಇವೇ ಆ ದೇಶದ ಹೆಸರಿನೊಂದಿಗೆ ಜನರಿಗೆ ನೆನಪಾಗುತ್ತಿದ್ದವು. 1980ರ ದಶಕದ ಆರಂಭದಲ್ಲಿ ಏಡ್ಸ್ ರೋಗದ ಕಳಂಕವನ್ನು ಹೈಟಿಯವರ ತಲೆಗೆ ಕಟ್ಟಿದ ಮೇಲೆ ಅಲ್ಲಿನ ಪ್ರವಾಸೋದ್ಯಮ ನೆಲ ಕಚ್ಚಿತ್ತು.

ಈ ಕಡಲತೀರದ ಸುತ್ತ ಬೇಲಿಯಿದೆ, ಕಾವಲಿದೆ. ಬಂದವರು ಬೇಲಿ ದಾಟುವಂತಿಲ್ಲ. ಪರವಾನಗಿಯಿಲ್ಲದ ಊರವರು ಒಳಗೆ ಬರುವಂತಿಲ್ಲ. ಮಧ್ಯಾಹ್ನದ ಊಟವೂ ಹಡಗಿನಿಂದಲೇ ದಡಕ್ಕೆ ಇಳಿಯುತ್ತಿತ್ತು. ಒಳಗಿನ ಸಂತೆಯಲ್ಲಿ ಊರಿನ ಕುಶಲಕರ್ಮಿಗಳು ಮರದ ಗೊಂಬೆ, ಚಿತ್ರಪಟ ಮಾರುತ್ತಿದ್ದರು; ಕೆಲವು ನೂರು ಜನರಿಗೆ ಕೂಲಿ ಸಿಗುತ್ತಿತ್ತು; ಒಬ್ಬೊಬ್ಬ ಪ್ರಯಾಣಿಕನ ತಲೆಗೆ ಸುಮಾರು 10–12 ಡಾಲರ್ ಸರಕಾರಕ್ಕೆ ಸಲ್ಲುತ್ತಿತ್ತು. ಇದನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಬಹಾಮಾಸ್‌ನ ಇಂಥ ಖಾಸಗಿ ದಡಗಳಲ್ಲಿ ಅವನೇ ಬಿಸಿಲಲ್ಲಿ ನಿಂತು ಬರ್ಗರ್ ಬಡಿಸಿದ್ದ. "ಊರು ಅಂತ ಒಂದ ಇರ್ತದ ಅಂತನ ನಮಗ ಗೊತ್ತಾಗೂದಿಲ್ಲ ಮಾಮಾ," ಎಂದ.

ಬೇಲಿಯ ಆಚೆಗಿನ ಲಬಾಡಿ ಹಳ್ಳಿಗೆ ಸರಿಯಾದ ರಸ್ತೆಯಿಲ್ಲ. ರಸ್ತೆ ಮುಗಿಯುವಲ್ಲಿಂದ ಜನ ದೋಣಿ ಹತ್ತಿ ಮನೆಗೆ ಹೋಗಬೇಕು. ನಮಗೆ ಮೋಂಬತ್ತಿ, ಸಕ್ಕರೆ, ಮಗುವಿನ ಔಷಧಿ ತರಲು ಕಿರಾಣಿ ಅಂಗಡಿಗೆ ಹೋಗುವುದು ಹೇಗೋ, ಅವರಿಗೆ ದೋಣಿ ಹಾಗೆ. ಆ ತೀರದ ಜನ ಸಿಟ್ಟಿಗೆದ್ದಾಗ ಕೈಗೆ ಸಿಗುವ ವಸ್ತುವೂ ಅದೇ.

ಇಷ್ಟಾದರೂ ಹೈಟಿ ನಮಗೆ ಹೊಸ ಹೆಸರಲ್ಲ ಎಂಬುದು ನೆನಪಾದಾಗ ತುಸು ನಾಚಿಕೆಯಾಯಿತು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ವರ್ಡ್ಸ್‌ವರ್ತ್ ಕವಿಯ ಸಾನೆಟ್ಟುಗಳಲ್ಲಿ ಟೂಸಾಂ ಲೂವೆರ್ತ್ಯೂರ್‌ನನ್ನು ಕುರಿತದ್ದೂ ಒಂದಿತ್ತು. ಅದು ಪತ್ರಿಕೆಯಲ್ಲಿ ಅಚ್ಚಾದದ್ದು 1803ರಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಟೂಸಾಂ ಫ್ರಾನ್ಸಿನ ಕೋಟೆಯೊಂದರಲ್ಲಿ ಸೆರೆಯಾಳಾಗಿ ಸತ್ತ. ಪರೀಕ್ಷೆಯಲ್ಲಿ ಪ್ರಾಸದ ವಿನ್ಯಾಸ ಬರೆದೆವು, ಸಾನೆಟ್ಟಿನ ಎರಡು ಭಾಗಗಳ ಬಗ್ಗೆ ಬರೆದೆವು. ಒಳ್ಳೆಯ ಅಂಕವೂ ಬಂತು. ಯಾವ ನೆಲದ ಗುಲಾಮರ ನಾಯಕ ಅವನು, ಆ ನೆಲ ಈಗ ಏನಾಗಿದೆ ಎಂದು ನಾವೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆ ಗುಲಾಮರು ದಂಗೆಯೆದ್ದದ್ದು 1791ರ ಆಗಸ್ಟಿನಲ್ಲಿ, ಇದೇ ಉತ್ತರ ಭಾಗದ ಕಬ್ಬಿನ ಬಯಲುಗಳಲ್ಲಿ. ವಿಹಾರ ನೌಕೆ ನಿಲ್ಲುತ್ತಿದ್ದ ದಡದಿಂದ ಅದು ದೂರವೇನಲ್ಲ. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಅವರು ಸ್ವತಂತ್ರರಾದರು. ಇಪ್ಪತ್ತೊಂದು ವರ್ಷಗಳ ನಂತರ, 1825ರಲ್ಲಿ, ಫ್ರಾನ್ಸಿನ ಯುದ್ಧನೌಕೆಗಳು ರಾಜಧಾನಿಯ ಮುಂದೆ ಬಂದು ನಿಂತವು. ತೋಟ ಹಾಗೂ ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಟ್ಟರೆ ಮಾತ್ರ ಸ್ವಾತಂತ್ರ್ಯಕ್ಕೆ ಮನ್ನಣೆ. ಬಿಡುಗಡೆ ಹೊಂದಿದವರು ತಮ್ಮ ಮೈಯ ಬೆಲೆಯನ್ನು ತಾವೇ ತೆರಬೇಕೆಂಬ ಕರಾರು. ಮುಂದೆ ಅದು 9 ಕೋಟಿಗೆ ಇಳಿಯಿತಾದರೂ ಅದನ್ನು ತೀರಿಸಲು ಎತ್ತಿದ ಸಾಲದ ಬಾಲ 1947ರವರೆಗೆ ಎಳೆಯಿತು. ನಾವು ಸ್ವತಂತ್ರರಾದ ವರ್ಷ ಅವರ ಸ್ವಾತಂತ್ರ್ಯದ ಸಾಲ ತೀರಿತು. ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಆ ದೇಶವನ್ನು ಆಳಿತು. ದೊಡ್ಡ ಹಡಗೊಂದು ದಿಗಂತದಲ್ಲಿ ಕಂಡರೆ ಆ ತೀರದವರಿಗೆ ಏನೇನು ನೆನಪಾಗಬಹುದು! ಕೊಲಂಬಸನ ಸಾಂತಾ ಮರಿಯಾ ಹಡಗು 1492ರ ಕ್ರಿಸ್ಮಸ್ ಸಮಯದಲ್ಲಿ ನೆಲಕ್ಕೆ ತಾಗಿ ಒಡೆದದ್ದೂ ಈ ಕರಾವಳಿಯಲ್ಲೇ. ಲಬಾಡಿಯ ಈಜುದಡವೊಂದಕ್ಕೆ ಕಂಪನಿ ಅವನದೇ ಹೆಸರಿಟ್ಟಿದೆ.

2016ರ ಸಿಟ್ಟಿಗೆ ಹತ್ತಿರದ ಕಾರಣ ಚುನಾವಣೆ. 2015ರ ಅಕ್ಟೋಬರ್ 25ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಆಳುವ ಪಕ್ಷದ ಜೊವೆನೆಲ್ ಮೊಯೀಸ್ ಮುಂದಿದ್ದರು. ವಂಚನೆ ನಡೆದಿದೆಯೆಂದು ಎರಡನೆಯ ಸ್ಥಾನದಲ್ಲಿದ್ದ ಜೂಡ್ ಸೆಲೆಸ್ತಾಂ ಮುಂದಿನ ಸುತ್ತಿಗೆ ಒಪ್ಪಲಿಲ್ಲ. ಎರಡನೆಯ ಸುತ್ತು ಡಿಸೆಂಬರಿನಿಂದ ಮುಂದಕ್ಕೆ ಹೋಗಿ ಜನವರಿ 24ಕ್ಕೆ ನಿಂತಿತು. ವಾರಗಟ್ಟಲೆ ಬೀದಿಗಳು ಹೊತ್ತಿ ಉರಿದವು, ಟೈರುಗಳು ಸುಟ್ಟವು, ಕಲ್ಲುಗಳು ಹಾರಿದವು. ಹೊರಗಿನವರು ಇದನ್ನು 'ಹೈಟಿಯಲ್ಲಿ ಮತ್ತೆ ಗಲಾಟೆ' ಎಂದು ಓದಿ ಪುಟ ತಿರುವಿದರು. ಹಡಗು ತಿರುಗಿದ ದಿನ ಮಾತ್ರ ಅಮೆರಿಕದ ಸಾವಿರಾರು ಕುಟುಂಬಗಳಿಗೆ ಆ ಚುನಾವಣೆಯಿಂದ ಏನೋ ತೊಂದರೆಯಾಯಿತು. ಅದು ಆಗ ಸುದ್ದಿಯಾಯಿತು.

ನಮ್ಮ ಮೊದಲ ಸಹಾನುಭೂತಿಯೂ ಆ ಕುಟುಂಬಗಳಿಗೇ ಹೋಗಿತ್ತು. ವರ್ಷವಿಡೀ ಹಣ ಕೂಡಿಟ್ಟು ಮಕ್ಕಳನ್ನು ಕರೆತಂದವರು, ಅವರದೇನು ತಪ್ಪು? ಮುಂಬಯಿಯಲ್ಲಿ ರೈಲ್ ರೋಕೋ ಆದಾಗಲೆಲ್ಲ ಕುರ್ಲಾ ಸ್ಟೇಶನ್ನಿನಲ್ಲಿ ನಿಂತು ನಾವು ಆಡಿಕೊಂಡದ್ದು ಇದೇ ಮಾತು. ಈ ಮಾತು ನಮ್ಮ ಬಾಯಿಯಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡದ್ದು ಅದೇ ವರ್ಷದ ಜುಲೈ ಕೊನೆಯ ವಾರದಲ್ಲಿ.

ನಮ್ಮದು ನವಲಗುಂದದ ಕಡೆಯ ಊರು. ಅಪ್ಪನ ತಿಥಿಗೆಂದು ರಾತ್ರಿ ಬಸ್ಸಿನಲ್ಲಿ ಹೊರಟಿದ್ದೆವು. ಮಲಪ್ರಭೆಗೆ 7.56 ಟಿಎಂಸಿ ನೀರು ತಿರುಗಿಸಲು ರಾಜ್ಯ ಕೇಳಿದ್ದ ಮಧ್ಯಂತರ ಅನುಮತಿಯನ್ನು ಮಹದಾಯಿ ನ್ಯಾಯಮಂಡಳಿ ಜುಲೈ 27ರಂದು ನಿರಾಕರಿಸಿತ್ತು. ಧಾರವಾಡ ಇನ್ನೂ ದೂರವಿರುವಾಗಲೇ ಹೆದ್ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಚಕ್ಕಡಿಗಳು, ಹಸಿರು ಶಾಲಿನ ರೈತರು. ನಾಲ್ಕು ತಾಸಾಯಿತು, ಆರು ತಾಸಾಯಿತು. ಅಲ್ಲಿ ಅಪರಾಹ್ನದ ಹೊತ್ತಿಗೆ ಪಿಂಡವಿಡಬೇಕು. ಕೊನೆಗೆ ತಿಥಿ ಕೈತಪ್ಪಿತು. ಅವ್ವ ಫೋನಿನಲ್ಲಿ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಮರುದಿನ ಊರು ಮುಟ್ಟಿದಾಗ ದೊಡ್ಡಪ್ಪನ ಮಗ, ನಮಗಿಂತ ಹತ್ತು ವರ್ಷ ಹಿರಿಯರು, ಹೊಲದಿಂದ ಬಂದರು. ಅವರೂ ಅದೇ ಹಿಂದಿನ ದಿನ ಬೇರೊಂದು ರಸ್ತೆಯಲ್ಲಿ ಕುಳಿತು ಬಂದವರು. ಸಿಟ್ಟಿನಲ್ಲಿ ನಾವು ಅನ್ನಬಾರದ್ದನ್ನೂ ಅಂದೆವು. ಅಣ್ಣ ಕೇಳಿಸಿಕೊಂಡು, "ಖರೆ ತಮ್ಮಾ, ಕಾಕಾನ ತಿಥಿ ತಪ್ಪಬಾರದಿತ್ತು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನರಗುಂದದಾಗ ಪೆಂಡಾಲ ಹಾಕಿಕೊಂಡು ಕುಂತು ವರ್ಷಾತು. ಯಾರ ದಾರೀನೂ ಕಟ್ಟಿರಲಿಲ್ಲ. ನೀ ಒಮ್ಮೆರ ಕೇಳಿದ್ದೇನು?" ಎಂದರು.

ಕೇಳಿರಲಿಲ್ಲ. ನರಗುಂದದ ಧರಣಿ 2015ರ ಜುಲೈನಿಂದ ನಡೆದಿತ್ತು. ಅದು ನಮಗೆ ಗೊತ್ತಿತ್ತು, ಅಷ್ಟೆ.

ಹೀಗೆಂದ ಮಾತ್ರಕ್ಕೆ ನಾವು ಬಸ್ಸಿನಿಂದ ಇಳಿದು ಚಕ್ಕಡಿ ಹತ್ತಿದೆವು ಎಂದಲ್ಲ. 1964ರ ನಡತೆ ನಿಯಮಗಳು ನಮಗೆ ಮುಷ್ಕರವನ್ನು ನಿಷೇಧಿಸಿವೆ, ರಾಜಕೀಯ ಚಳವಳಿಯನ್ನೂ ನಿಷೇಧಿಸಿವೆ. ಸಹಿ ಹಾಕಿಯೇ ಸಂಬಳ ತೆಗೆದುಕೊಂಡಿದ್ದೇವೆ. ಆದರೆ ನಿಯಮದ ಹೆಸರು ಹೇಳುವುದು ಅರ್ಧ ಸತ್ಯ ಮಾತ್ರ. ನಿಯಮವಿಲ್ಲದಿದ್ದರೂ ನಾವು ಹೋಗುತ್ತಿರಲಿಲ್ಲ. ತಿಂಗಳ ಮೊದಲ ದಿನಕ್ಕೆ ಸಂಬಳ ಜಮೆಯಾಗುವವರು ಯಾವಾಗಲೂ ಹಡಗಿನಲ್ಲೇ ಇರುತ್ತಾರೆ.

ಹಾಗೆಂದು ದೋಣಿಯವರದೆಲ್ಲ ಸರಿ ಎಂದು ಬರೆದರೆ ಅದೂ ಸುಲಭದ ಮಾತಾದೀತು. ಆ ದಿನ ಒಳಗಿನ ಸಂತೆಯಲ್ಲಿ ಗೊಂಬೆಗಳನ್ನು ಹರಡಿಕೊಂಡು ಕಾದವರೂ ಹೈಟಿಯವರೇ. ಪ್ರಯಾಣಿಕರಿಗೆ ಹಣ ವಾಪಸಾದೀತು, ಮತ್ತೊಂದು ಬಂದರು ಸಿಕ್ಕೀತು. ಗೊಂಬೆ ಮಾರುವವಳಿಗೆ ಆ ದಿನ ಮತ್ತೆ ಸಿಗದು. 2010ರ ಜನವರಿ 12ರ ಭೂಕಂಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮೂರು ದಿನಗಳಲ್ಲೇ ವಿಹಾರ ನೌಕೆಯೊಂದು ಲಬಾಡಿಗೆ ಬಂದು ನಿಂತಾಗ ಜಗತ್ತು ಛೀಮಾರಿ ಹಾಕಿತು. ಹೆಣಗಳ ನಾಡಿನಲ್ಲಿ ಈಜಾಟವೇ ಎಂದು ಕೇಳಿತು. ಕೆಲವು ಪ್ರಯಾಣಿಕರೂ ಮನಸ್ಸಾಗದೆ ಹಡಗಿನಲ್ಲೇ ಉಳಿದರು. ಆದರೆ ಅದೇ ಹಡಗುಗಳಲ್ಲಿ ಅಕ್ಕಿ, ಹಾಲಿನ ಪುಡಿ, ನೀರು ಮೊದಲಾದ ಪರಿಹಾರ ಸಾಮಗ್ರಿಯೂ ಬಂತು. ಹಡಗು ನಿಲ್ಲಿಸಬೇಡಿ ಎಂದು ಹೈಟಿಯ ಸರಕಾರ ಕೇಳಿಕೊಂಡಿತ್ತು. ನಮ್ಮ ಸಾತ್ವಿಕ ಸಿಟ್ಟಿನಿಂದ ಆ ಊರಿನ ಒಲೆ ಉರಿಯುವುದಿಲ್ಲ ಎಂಬುದೂ ನಿಜ. ಇಡೀ ಕರಾವಳಿಯ ಕೂಲಿಯನ್ನು ಒಂದೇ ಬೇಲಿಯೊಳಗೆ ಕಟ್ಟಿಹಾಕಿದ ಮೇಲೆ, ಸಿಟ್ಟು ಬಂದವನು ಬಡಿಯುವುದಕ್ಕೂ ಅದೊಂದೇ ಬಾಗಿಲು ಉಳಿಯುತ್ತದೆ, ಬಡಿದಾಗ ತಮ್ಮವರ ಕೈಗೇ ಪೆಟ್ಟಾಗುತ್ತದೆ.

ಮುಂದಿನದು ಬೇಗ ಹೇಳಬಹುದು. ಎರಡನೆಯ ಸುತ್ತು ಜನವರಿ 22ರಂದು ರದ್ದಾಯಿತು. ಫೆಬ್ರವರಿ 7ರಂದು ಅಧ್ಯಕ್ಷ ಮಾರ್ತೆಲ್ಲಿ ಉತ್ತರಾಧಿಕಾರಿಯಿಲ್ಲದೆ ಇಳಿದರು. ವರ್ಷದ ಕೊನೆಗೆ ಹೊಸ ಚುನಾವಣೆಯಲ್ಲಿ ಮೊಯೀಸ್ ಅವರೇ ಗೆದ್ದರು; 2021ರ ಜುಲೈ 7ರಂದು ಅವರ ಮನೆಯಲ್ಲೇ ಅವರ ಕೊಲೆಯಾಯಿತು. ಈಗ ರಾಜಧಾನಿಯ ಬಹುಭಾಗ ಬಂದೂಕುಧಾರಿ ಗುಂಪುಗಳ ಕೈಯಲ್ಲಿದೆ. 2024ರ ಮಾರ್ಚ್‌ನಲ್ಲಿ ಅವರ ದಾಳಿಗೆ ಟೂಸಾಂನ ಹೆಸರಿನ ವಿಮಾನ ನಿಲ್ದಾಣವೇ ಮುಚ್ಚಿತು. ಹಡಗುಗಳು ಲಬಾಡಿಯನ್ನು ಆಗಲೂ ಬಿಟ್ಟವು. ಈ ಬಾರಿ ಯಾರೂ ದೋಣಿ ಅಡ್ಡ ತಂದಿರಲಿಲ್ಲ. ಎರಡನ್ನೂ 'ಅಶಾಂತಿ' ಎಂಬ ಒಂದೇ ಪದದಲ್ಲಿ ಬರೆಯುವ ಪತ್ರಿಕೆಗಳ ಅಭ್ಯಾಸ ನಮಗೆ ಸರಿಕಾಣುವುದಿಲ್ಲ. ಮತಪೆಟ್ಟಿಗೆಯ ಬಗ್ಗೆ ಜಗಳ ತೆಗೆದ ಮೀನುಗಾರನೂ ಒತ್ತೆಹಣ ಕೇಳುವ ಬಂದೂಕಿನವನೂ ಒಂದೇ ಅಲ್ಲ.

ಅಕ್ಕನ ಮಗ ಈಗ ಹಡಗಿನ ಊಟದ ಮನೆಯಲ್ಲಿ ಮೇಲ್ವಿಚಾರಕನಾಗಿದ್ದಾನೆ. ಹಡಗಿನಲ್ಲೇ ಇಂಟರ್ನೆಟ್ ಬಂದಿರುವುದರಿಂದ ಬಂದರು ತಪ್ಪಿದರೂ ಮನೆಗೆ ಮಾತನಾಡಬಹುದಂತೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಣ್ಣನಿಗೆ ಈ ಲಬಾಡಿಯ ಕಥೆ ಹೇಳಿದೆವು. ಬೇಲಿ, ಹಡಗು, ಸಾಲ, ದೋಣಿ ಎಲ್ಲವನ್ನೂ. ಅಣ್ಣ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತ ಕೇಳಿದರು. ಹಡಗು ಎಷ್ಟು ದೊಡ್ಡದು ಎಂದು ಕೇಳಿದರು, ಹೇಳಿದೆವು. ಹನ್ನೆರಡು ಡಾಲರ್ ಎಂದರೆ ಎಷ್ಟು ರೂಪಾಯಿ ಎಂದು ಕೇಳಿದರು, ಅದನ್ನೂ ಹೇಳಿದೆವು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ತಮ್ಮಾ, ಹಡಗ ಹೊಳ್ಳಿ ಹೋತು ಅಂದಿ. ಅವತ್ತ ಆ ದೋಣಿ ಮಂದಿ ಮನೀಗೆ ಹೋಗಿ ಏನು ಉಂಡ್ರು?" ಎಂದು ಕೇಳಿದರು.